ಕಲ್ಲುಗಾಲಿಯ ಗಡಿಬಿಡಿ

ಮೂಡಲಗಿಯ ಶಾಲೆಯ ಮೈದಾನದಲ್ಲಿ ಮಕ್ಕಳ ಕವಾಯತು ನಡೆದಿತ್ತು. ದಾಕ್ಷಾಯಿಣಿ ಕೊರಳಿಗೆ ಡ್ರಮ್ ಹಾಕಿಕೊಂಡು ಹೆಜ್ಜೆಗೆ ತಾಳ ಕೊಡುತ್ತಿದ್ದಳು. ಗೇಟಿನ ಹತ್ತಿರ ಬೇವಿನ ನೆರಳಲ್ಲಿ ಹೆಲ್ಮೆಟ್ ಹಿಡಿದು ನಿಂತವನ ಮೇಲೆ ಕಣ್ಣು ಬಿದ್ದದ್ದೇ ತಡ, ಅವಳ ಕೋಲು ಒಂದು ಪೆಟ್ಟು ತಪ್ಪಿತು. ಮುಂದಿನ ಸಾಲಿನ ಹುಡುಗಿಯರು ಒಬ್ಬರ ಹಿಮ್ಮಡಿಯನ್ನು ಒಬ್ಬರು ತುಳಿದರು.

"ಟೀಚರ್, ನೀವ ತಪ್ಪಿದ್ರಿ," ಎಂದಳು ಒಬ್ಬ ಧೈರ್ಯಸ್ಥೆ.

"ಹೌದವ್ವಾ, ನಾನ ತಪ್ಪಿದೆ. ಹೋಗ್ರಿ, ನೀರ ಕುಡದ ಬರ್ರಿ."

ನಿಂತವನು ಗೊಮ್ಮಟೇಶ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಹೊಟ್ಟೆ ಸ್ವಲ್ಪ ಬಂದಿತ್ತು. ನಗು ಬರುವ ಮೊದಲು ಎಡಗೆನ್ನೆ ಒಂದಿಷ್ಟು ಹಿಂಜರಿಯುವ ಆ ರೀತಿ ಮಾತ್ರ ಹಾಗೆಯೇ ಇತ್ತು.

"ಆರಾಮ್ರೀ ಟೀಚರ್?"

"ಆರಾಮ ಇದ್ದೆ. ಈಗ ಗೊತ್ತಿಲ್ಲ," ಎಂದಳು ದಾಕ್ಷಾಯಿಣಿ, ಡ್ರಮ್ಮಿನ ಪಟ್ಟಿ ಬಿಚ್ಚುತ್ತ. "ಹುಕ್ಕೇರಿಯಿಂದ ಇಷ್ಟ ದೂರ ಯಾಕ ಬಂದ್ರಿ? ಸಾಲಿ ಮೋಟರ್ ಏನೂ ಸುಟ್ಟಿಲ್ಲ."

ಅವನು ಹುಕ್ಕೇರಿಯಲ್ಲಿ ನೀರೆತ್ತುವ ಮೋಟರುಗಳ ವೈಂಡಿಂಗ್ ಅಂಗಡಿ ಇಟ್ಟಿದ್ದ. ಅದಕ್ಕೂ ಮೊದಲು, ಇಬ್ಬರೂ ಗೋಕಾಕದಲ್ಲಿ ಕಾಲೇಜು ಮುಗಿಸಿದ ಹೊಸದರಲ್ಲಿ, ಅವನ ಹೆಗಲಿಗೆ ಗಿಟಾರ್ ಇತ್ತು. ಅವನು, ಬೇಸ್ ಗಿಟಾರಿನ ಗಜಾನನ, ಡ್ರಮ್ಸ್‌ಗೆ ದಾಕ್ಷಾಯಿಣಿ. ಮೂವರೂ ಸೇರಿ ಹಾರ್ಡ್ ರಾಕ್ ಬ್ಯಾಂಡ್ ಕಟ್ಟಿ, ಊರಿನ ಜಲಪಾತದ ನೆನಪಿಗೆ 'ಧಬಧಬಿ' ಎಂದು ಹೆಸರಿಟ್ಟರು. ಅವರದು ಒಂದೇ ಒಂದು ಆಲ್ಬಮ್ ಬಂತು, 'ಕಲ್ಲುಗಾಲಿ'. ಅದನ್ನು ಕೇಳಿದವರೆಲ್ಲ ಬೈದರು. ಕೇಳದವರೂ ಬೈದರು ಎಂದು ಗಜಾನನ ಹೇಳುತ್ತಿದ್ದ.

"ಕಲ್ಲುಗಾಲಿ ಮತ್ತ ಬರಾಕತ್ತೇತ್ರಿ," ಎಂದ ಗೊಮ್ಮಟೇಶ. "ಬೆಳಗಾವ್ಯಾಗ ಅಜಿತ ಅಂತ ಒಬ್ಬಾಂವ ಹಳೇ ರೆಕಾರ್ಡಿಂಗ್ ಎಲ್ಲಾ ಹುಡುಕಿ ಹೊಸಾದಾಗಿ ಹೊರಗ ತರತಾನ. ಈಗಿನ ಹುಡುಗೂರು ನಮ್ಮನ್ನ ಕೇಳತಾರಂತ."

"ಪಾಪ, ಯಾರ ಮಕ್ಕಳೋ."

ಅವನು ನಕ್ಕ. ಆಮೇಲೆ ಹೆಲ್ಮೆಟ್ಟಿನ ಗಾಜು ಒರೆಸಿದ. ಒರೆಸುವಂಥದ್ದೇನೂ ಅಲ್ಲಿ ಇರಲಿಲ್ಲ.

"ಅಂವ ಸ್ಪೀಡ್ ಸರಿ ಮಾಡಿಕೊಡ್ತೇನಿ ಅನ್ನಾಕತ್ತಾನ. ಕಂಪ್ಯೂಟರಿನ್ಯಾಗ ಡ್ರಮ್ಸಿನ ಒಂದೊಂದ ಪೆಟ್ಟನೂ ಎಳದು ಜಾಗಾಕ್ಕ ಕೂಡಸ್ತಾರಂತ. ಗಜಾನನ ಹೂಂ ಅಂದಾನ. ನೀವೂ ಹೂಂ ಅನ್ನಬೇಕು. ಭಾನುವಾರದೊಳಗ ಹೇಳಬೇಕು."

ದಾಕ್ಷಾಯಿಣಿ ಮೈದಾನದ ಕಡೆ ನೋಡಿದಳು. ಮಕ್ಕಳು ನಲ್ಲಿಗೆ ಮುತ್ತಿದ್ದರು. ಎತ್ತರದ ಹುಡುಗಿಯೊಬ್ಬಳು ತಾನು ಕುಡಿಯುವ ಮೊದಲು ಗಿಡ್ಡವಳಿಗೆ ಬೊಗಸೆ ಹಿಡಿದಿದ್ದಳು.

"ಕೇಳದ ಹೂಂ ಅನ್ನಂಗಿಲ್ಲ. ಇಲ್ಲಿ ಗದ್ಲ," ಎಂದಳು ಕೊನೆಗೆ. "ಭಾನುವಾರ ಧುಪದಾಳಕ್ಕ ಬರ್ತೇನಿ. ಒಡ್ಡಿನ ಕಡೆ. ಅಲ್ಲೆ ಕೇಳೋಣು."

*

ಆ ರಾತ್ರಿ ಅವ್ವ ಬಾಳವ್ವ ಎರಡು ಸಲ ಕೇಳಿದಳು, ರೊಟ್ಟಿ ಯಾಕೆ ಹಾಗೇ ಇದೆ ಎಂದು. ದಾಕ್ಷಾಯಿಣಿಯ ಮನಸ್ಸು ಬೆಲ್ಲದ ಬಾಗೇವಾಡಿಯಲ್ಲಿತ್ತು.

ಅಲ್ಲಿ ಗಜಾನನನ ಕಾಕಾನ ಗಾಣದ ಮನೆ, ಆಲ್ಬಮ್ ರೆಕಾರ್ಡ್ ಆದ ಜಾಗ. ಕಬ್ಬಿನ ಹಂಗಾಮು ಮುಗಿದರೆ ಬೇಸಿಗೆಯಿಡೀ ಖಾಲಿ. ದೊಡ್ಡ ಆಂಪ್ಲಿಫೈಯರಿಗೆ ಬೇಕಾದ ಕರೆಂಟು ಆ ಲೈನಿಗೆ ಮಧ್ಯಾಹ್ನದ ಮೇಲೇ ಬರುತ್ತಿತ್ತು. ಅದಕ್ಕೇ ದಿನಕ್ಕೊಂದು ಹಾಡು, ಸಂಜೆಯ ಮುಂದೆ. ಗೋಡೆಗೆಲ್ಲ ಬೆಲ್ಲದ ವಾಸನೆ ಹತ್ತಿತ್ತು. ಹೊರಗೆ ಕೇಳಿದವರಿಗೆ ಗುಡ್ಡ ಕುಸಿದ ಸದ್ದು; ಒಳಗೆ ಮಾತ್ರ ಉಸಿರೆಳೆದರೆ ಹಬ್ಬದ ಅಡಿಗೆಮನೆ. ಬಂಡೆಗೂ ಬಾಯಾರಿಕೆ ಆಗುತ್ತದೆ ಎಂದು ಗೊಮ್ಮಟೇಶ ಕಣ್ಣು ಮುಚ್ಚಿ ಕೂಗಿ ಹಾಡುವಾಗ, ಅವನ ಕಾಲಬೆರಳಿನ ಪಕ್ಕ ಇರುವೆಗಳ ಸಾಲು ತಣ್ಣಗೆ ನಡೆದು ಹೋಗುತ್ತಿತ್ತು. ಅವುಗಳನ್ನು ತುಳಿಯದಂತೆ ಅವನು ಕಾಲು ಕುಣಿಸುತ್ತಿದ್ದ. ಕಣ್ಣು ಮುಚ್ಚಿದವನಿಗೆ ಅವು ಹೇಗೆ ಕಾಣುತ್ತಿದ್ದವೋ. ಅವಳಿಗೆ ಅವನ ಮೇಲೆ ಮನಸ್ಸಾದದ್ದು ಹಾಡು ಕೇಳಿ ಅಲ್ಲ, ಆ ಕಾಲು ನೋಡಿ.

ಆದರೆ ಅವನದು ಬಸದಿಗೆ ಹೋಗುವ ಜೈನರ ಮನೆ, ಅವಳದು ಲಿಂಗ ಕಟ್ಟಿದ ಮನೆ. ಇಬ್ಬರೂ ಒಬ್ಬರಿಗೊಬ್ಬರು 'ರೀ' ಹಚ್ಚಿಯೇ ಮಾತಾಡಿದರು. ಆಲ್ಬಮ್ ಬಂತು. ಬೆಂಗಳೂರಿನ ಒಂದು ಪತ್ರಿಕೆ ಬರೆಯಿತು: ಮೊದಲನೆಯ ಹಾಡೊಂದು ಪರವಾಗಿಲ್ಲ, ಎರಡನೆಯದರಿಂದ ಕೊನೆಯ ಬಸ್ಸು ತಪ್ಪಿದವರ ಓಟ, ಡ್ರಮ್ಸ್ ಬಾರಿಸುವ ಹುಡುಗಿಗೆ ಯಾರಾದರೂ ಒಂದು ಗಡಿಯಾರ ಕೊಡಿಸಲಿ. ಆಮೇಲೆ ಎಲ್ಲರೂ ಅದನ್ನೇ ಹೇಳಿದರು. ಗೊಮ್ಮಟೇಶ ಏನೂ ಹೇಳಲಿಲ್ಲ. ಅವನ ಆ ಮೌನವನ್ನು ಅವಳು ಸಿಟ್ಟು ಎಂದುಕೊಂಡಳು. ಮೂಡಲಗಿಯಲ್ಲಿ ಕೆಲಸ ಸಿಕ್ಕಿತು, ಬಂದುಬಿಟ್ಟಳು.

ಹಾಡುಗಳನ್ನು ಯಾಕೆ ಓಡಿಸಿದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಅದನ್ನು ಹೇಳುವುದೂ ಉಳಿದದ್ದನ್ನು ಹೇಳುವುದೂ ಒಂದೇ ಆಗಿತ್ತು. ಈಗ ಹೂಂ ಅಂದರೆ ಆ ಓಟವೇ ಇಲ್ಲವಾಗುತ್ತದೆ. ಅವಳ ಮನಸ್ಸು ಲೋಕದಲ್ಲಿ ಉಳಿದಿದ್ದದ್ದು ಅದೊಂದು ಜಾಗದಲ್ಲಿ ಮಾತ್ರ. ಉಹೂಂ ಅಂದರೆ, ಯಾಕೆ ಎಂದು ಅವನು ಕೇಳಿಯೇ ಕೇಳುತ್ತಾನೆ.

*

ಭಾನುವಾರ ಧುಪದಾಳದ ಒಡ್ಡಿನ ಮೇಲೆ ಘಟಪ್ರಭೆ ತೆಳ್ಳಗೆ ಇಳಿಯುತ್ತಿತ್ತು, ಯಾರೋ ಬಿಳಿಯ ಸೀರೆ ಒಣಹಾಕಿ ಮರೆತಂತೆ. ಆಚೆ ನೀರಿನಲ್ಲಿ ಕೊಕ್ಕರೆಗಳು ಒಂಟಿಗಾಲಲ್ಲಿ ನಿಂತು ಏನನ್ನೋ ನೆನೆಸಿಕೊಳ್ಳುತ್ತಿದ್ದವು.

ಗೊಮ್ಮಟೇಶ ಮೊದಲೇ ಬಂದು ಒಂದು ಕಲ್ಲಿನ ಮೇಲೆ ಕರವಸ್ತ್ರ ಹಾಸಿದ್ದ. ತಾನು ಬರೀ ಕಲ್ಲಿನ ಮೇಲೆ ಕೂತಿದ್ದ.

"ನನಗೇನ್ರಿ ಈ ಗಾದಿ?" ಎಂದಳು.

"ಟೀಚರಿಗೆ."

"ಮನ್ಯಾಗ ಹಿಂಗ ಯಾರಿಗೆ ಹಾಸ್ತೀರಿ?" ಕೇಳಿ ಮುಗಿಸುವಷ್ಟರಲ್ಲಿ ಅವಳ ಕಿವಿ ಬಿಸಿಯಾಯಿತು.

"ಮನ್ಯಾಗ ಅವ್ವ ತಾರಾಬಾಯಿ, ನಾನು, ಒಂದ ಬೆಕ್ಕು. ಬೆಕ್ಕಿಗೆ ಹಾಸಬೇಕಂತಿಲ್ಲ, ತಾನ ಬಂದು ಕುಂಡರತೈತಿ." ಅವನು ನದಿಯ ಕಡೆ ನೋಡುತ್ತ ಹೇಳಿದ. "ಮೋಟರ್ ಸುತ್ತಾಂವಗ ಯಾರ ಹೆಣ್ಣ ಕೊಡ್ತಾರ್ರಿ? ನಿಮ್ದು?"

"ನೋಡಾಕ ಬಂದೋರು ಡ್ರಮ್ಸ್ ಅಂದಕೂಡ್ಲೆ ಚಹಾ ಅರ್ಧಕ್ಕ ಬಿಟ್ಟ ಏಳತಿದ್ರು. ಆಮ್ಯಾಲ ನಮ್ಮವ್ವ ಚಹಾನ ಅರ್ಧಾ ಕಪ್ ಮಾಡಾಕ ಹತ್ತಿದ್ಳು."

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಅವನ ಕಣ್ಣು ಅವಳ ಮುಖದಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಸೆರಗಿನ ಅಂಚು ನೇರ ಮಾಡಿಕೊಂಡಳು.

ಅವನು ಇಯರ್‌ಫೋನಿನ ಒಂದು ತುದಿಯನ್ನು ತನ್ನ ಅಂಗಿಗೆ ಒರೆಸಿ ಅವಳಿಗೆ ಕೊಟ್ಟ, ಇನ್ನೊಂದನ್ನು ತನ್ನ ಕಿವಿಗೆ ಇಟ್ಟುಕೊಂಡ. ತಂತಿ ಗಿಡ್ಡ. ಭುಜಗಳು ಹತ್ತಿರ ಬರಲೇಬೇಕಾಯಿತು.

ಮೊದಲು ಹಳೆಯದು. ಗಿಟಾರು ಗುಡುಗಿತು, ಅದರ ಬೆನ್ನು ಹತ್ತಿ ಡ್ರಮ್ಸು. ಹಾಡಿನ ನಡುವೆ ಡ್ರಮ್ಸು ಮುಂದೆ ಹೋಯಿತು, ಗಿಟಾರು ಏದುಸಿರು ಬಿಡುತ್ತ ಹಿಂದೆ. ಅವಳಿಗೆ ಗಾಣದ ಮನೆಯ ಮಾಡಿನ ಒಡೆದ ಹೆಂಚಿನಿಂದ ಬೀಳುತ್ತಿದ್ದ ಬಿಸಿಲಿನ ಬಿಲ್ಲೆ ಕಂಡಿತು. ಅದು ಗೋಡೆ ಹತ್ತುತ್ತಿತ್ತು. ಅದು ಗೂಟದ ತನಕ ಏರಿದರೆ ಹೊತ್ತು ಮುಳುಗುವ ಹೊತ್ತು.

ಆಮೇಲೆ ಹೊಸದು. ಒಂದೊಂದು ಪೆಟ್ಟೂ ತನ್ನ ಜಾಗದಲ್ಲಿ, ಪ್ರಾರ್ಥನೆಗೆ ನಿಂತ ಮಕ್ಕಳ ಸಾಲಿನಂತೆ. ಎಲ್ಲವೂ ಸರಿಯಾಗಿತ್ತು. ಯಾರೂ ಅಲ್ಲಿರಲಿಲ್ಲ.

"ಹಿಂಗ ಬ್ಯಾಡ್ರಿ," ಎಂದಳು.

"ಯಾಕ? ಚಲೋ ಆಗೇತಲ್ಲ."

"ಹಳೇದು ಹಳೇದರಂಗ ಇರ್ಲಿ."

ಗೊಮ್ಮಟೇಶ ಇಯರ್‌ಫೋನ್ ತೆಗೆದು ಬೆರಳಿಗೆ ಸುತ್ತಿಕೊಂಡ. "ನಾ ಹೂಂ ಅಂದದ್ದ ನಿಮ್ಮ ಸಲುವಾಗಿ. ಗಡಿಯಾರ ಕೊಡಸ್ರಿ ಅಂತ ಬರದಿದ್ರಲ್ಲ, ಅದು ನನ್ನ ಎದ್ಯಾಗ ಹಂಗ ಕುಂತೈತಿ. ಆಗ ಪೇಪರಿನವರು ಮನಿಗೆ ಫೋನ್ ಹಚ್ಚಿದ್ರು. ಸ್ಪೀಡ್ ನಂದ ತಪ್ಪು, ನಾನ ಹಂಗ ಬಾರಸಾಕ ಹೇಳಿದ್ದೆ ಅಂದೆ. ಅದನ್ನ ಅವರು ಹಾಕಲೇ ಇಲ್ಲ."

ದಾಕ್ಷಾಯಿಣಿ ಅವನ ಕಡೆ ತಿರುಗಿದಳು. "ಸುಳ್ಳ ಯಾಕ ಹೇಳಿದ್ರಿ?"

"ನಿಮಗ ಏಳರ ಬಸ್ ಇತ್ತಲ್ಲ. ಅಪ್ಪಾರು ಬೈತಾರಂತ ಓಡಿಸಿದ್ರಿ, ನಿಮ್ಮ ತಪ್ಪೇನದರಾಗ? ಹಾಡ ಮುಗದಕೂಡ್ಲೆ ಕೋಲ ಚೀಲಕ್ಕ ಹಾಕಿ ಹೊರಗ ನಡದಬಿಡತಿದ್ರಿ. ನಮ್ಮ ಕೂಡ ಒಂದ ಗಳಿಗಿ ಕೂಡಾಕೂ ಮನಸಿಲ್ಲ ಅಂತ ನಾನೂ ತಿಳಕೊಂಡೆ." ಅವನ ದನಿ ಸಣ್ಣದಾಯಿತು. "ತಿಳಕೊಂಡ ಸುಮ್ಮನಾದೆ."

ನೀರು ಅದೇ ತೆಳ್ಳನೆಯ ಸದ್ದಿನಲ್ಲಿ ಇಳಿಯುತ್ತಿತ್ತು. ಅವಳ ಹೆಸರು ಉಳಿಸಲು ತಾನೇ ಬೈಸಿಕೊಳ್ಳಲು ಹೊರಟವನು ಪಕ್ಕದಲ್ಲಿ ಕೂತಿದ್ದಾನೆ. ಅದು ಅವಳಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

"ನನಗ ಬಸ್ಸಿನ ಗಡಿಬಿಡಿ ಇರಲಿಲ್ರಿ," ಎಂದಳು. "ಎಂಟಕ್ಕ ಇನ್ನೊಂದ ಬಸ್ ಇತ್ತು. ಅಪ್ಪಗೂ ಗೊತ್ತಿತ್ತು."

"ಮತ್ತ ಯಾತರದ ಗಡಿಬಿಡಿ?"

"ನಿಮ್ಮ ಊಟದ್ದು."

ಅವನಿಗೆ ತಿಳಿಯಲಿಲ್ಲ. ಅವಳು ಮೊಣಕಾಲ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತ ಹೇಳಿದಳು.

"ಹೊತ್ತ ಮುಳಗಿದ ಮ್ಯಾಲ ನೀವ ಉಣ್ಣಂಗಿಲ್ಲ. ಮೊದಲನೇ ದಿನ ಹಾಡ ಸಾವಕಾಶ ಬಾರಿಸಿದ್ವಿ. ಮತ್ತ ಮತ್ತ ಬಾರಿಸಿದ್ವಿ. ಹೊತ್ತ ಹೋತು. ನೀವ ಡಬ್ಬಿ ಬಿಚ್ಚಲಿಲ್ಲ, ಏನೂ ಅನ್ನಲಿಲ್ಲ. ವಾಯರ್ ಸುತ್ತೂ ಮುಂದ ಕೈ ನಡಗಾಕತ್ತಿದ್ವು. ನಾ ನೋಡಿದೆ. ನಿಮಗ ಹೇಳಿದ್ರ, ಹಾಡ ಮುಗೀಲಿ ಅಂತಿದ್ರಿ. ಅದಕ್ಕ ಮರುದಿನದಿಂದ ನಾನ ಓಡಿಸಿದೆ. ಮುಗದಕೂಡ್ಲೆ ಹೊರಗ ಯಾಕ ಹೋಗತಿದ್ದೆ ಗೊತ್ತೇನು? ನಾ ಎದರಿಗಿದ್ರ ನೀವ ಮಾತಾಡ್ಕೋಂತ ಕುಂಡರತಿದ್ರಿ. ತುತ್ತು ಒಳಗ ಹೋಗತಿರಲಿಲ್ಲ."

"ಎಲ್ಲಾ ಹಾಡಿನ್ಯಾಗೂ?"

"ಎಲ್ಲಾ ದಿನಾ ಉಂಡ್ರಿ ಹೌದಲ್ಲೋ?"

ಅವನ ಎಡಗೆನ್ನೆ ಹಿಂಜರಿಯಿತು, ನಗು ಬರಲಿಲ್ಲ, ಕಣ್ಣು ತುಂಬಿತು. ಆಮೇಲೆ ನಗುವೂ ಬಂತು.

"ಅಂದ್ರ ಪೇಪರಿನವರು ಚಲೋ ಐತಿ ಅಂದ ಹಾಡು, ನಾ ಉಪವಾಸ ಬಿದ್ದದ್ದೊಂದ."

"ಹೌದ್ರಿ. ಅದೊಂದ ನನಗ ಸೇರೂದಿಲ್ಲ."

"ದಾಕ್ಷಾಯಿಣಿ," ಎಂದ ಅವನು. ಅವಳ ಹೆಸರಿಗೆ 'ರೀ' ಹಚ್ಚದೆ ಅವನು ಕರೆದದ್ದು ಅದೇ ಮೊದಲು. "ಇದನ್ನ ಆವಾಗ ಯಾಕ ಹೇಳಲಿಲ್ಲ?"

"ಅದನ್ನ ಹೇಳಿದ್ರ ಮತ್ತೇನ ಉಳೀತಿತ್ತು ಮುಚ್ಚಿಡಾಕ? ಒಬ್ಬರ ಹಸಿವು ಇನ್ನೊಬ್ಬರ ಕೈಗೆ ಯಾಕ ತಿಳೀತೈತಿ?" ಅವಳು ತಲೆ ಎತ್ತಿದಳು. "ಈಗ ಹೇಳಾಕತ್ತೇನಿ. ಅಳಸಬ್ಯಾಡ್ರಿ ಅದನ್ನ. ಕೆಟ್ಟದ್ದ ಇದ್ರೂ ಇರ್ಲಿ. ಅದು ನಿಮಗಂತ ಬಾರಿಸಿದ್ದು."

ಅವನು ಕೈ ಚಾಚಿ ಅವಳ ಬೆರಳುಗಳನ್ನು ಹಿಡಿದ. ಡ್ರಮ್ಮಿನ ಕೋಲು ಹಿಡಿದು ಗಟ್ಟಿಯಾದ ಬೆರಳು, ತಾಮ್ರದ ತಂತಿ ಸುತ್ತಿ ಒರಟಾದ ಬೆರಳು. ಒಂದಕ್ಕೊಂದು ನಯವೆಂದೇ ತೋರಿತು.

ಫೋನು ನಡುಗಿತು. ಅಜಿತ. ಗೊಮ್ಮಟೇಶ ಅವಳ ಕೈ ಬಿಡದೆ, ಸ್ಪೀಕರಿಗೆ ಹಾಕಿದ.

"ಸರ್, ಏನ ನಿರ್ಧಾರ ಆತ್ರಿ?"

"ಹಳೇದನ್ನ ಹಂಗ ಬಿಡ್ರಿ. ಒಂದ ಪೆಟ್ಟೂ ಸರಸಬ್ಯಾಡ್ರಿ."

"ಸರ್, ಜನಾ ಮತ್ತ ನಗತಾರ ನೋಡ್ರಿ. ಸ್ಪೀಡ್ ಯಾಕ ಹಂಗೈತಿ ಅಂತ ಕೇಳಿದ್ರ ಏನ ಬರೀಲಿ?"

ಗೊಮ್ಮಟೇಶ ಅವಳ ಕಡೆ ನೋಡಿದ. ಅವಳು ಬೇಡ ಎಂದು ಮೆಲ್ಲಗೆ ತಲೆಯಾಡಿಸಿದಳು. ಅದು ಲೋಕಕ್ಕೆ ಹೇಳುವ ಮಾತಲ್ಲ.

"ನಮ್ಮ ಡ್ರಮ್ಮರ್ ಹಂಗ ಬಾರಿಸಿದ್ರು, ನಮಗ ಹಂಗ ಬೇಕಾಗಿತ್ತು ಅಂತ ಬರೀರಿ. ಅಷ್ಟ ಸಾಕು."

ಫೋನು ಇಟ್ಟ ಮೇಲೆ ಒಂದು ಕೊಕ್ಕರೆ ಎದ್ದು, ನೀರಿನ ಮೇಲೆ ತನ್ನ ನೆರಳನ್ನು ಎಳೆದುಕೊಂಡು ಆಚೆ ದಂಡೆಗೆ ಹೋಯಿತು. ಇಬ್ಬರೂ ಅದು ಇಳಿಯುವತನಕ ನೋಡಿದರು.

"ನಿಮ್ಮವ್ವ ಏನಂತಾರೋ?" ಎಂದಳು.

"ಜಾತಿ ಕೇಳೋ ಮಂದಿ ಎಲ್ಲಾ ಕೇಳಿ ಕೇಳಿ ದಣದಾರ. ಹೆಣ್ಣಂದ್ರ ಸಾಕು, ಎರಡ ಕಣ್ಣಿದ್ರ ಸಾಕು ಅಂತಾಳ ಅವ್ವ." ಅವನು ಗಂಟಲು ಸರಿ ಮಾಡಿಕೊಂಡ. "ಆಕೀನ್ನ ಕರಕೊಂಡು ನಿಮ್ಮ ಮನಿಗೆ ಬರ್ಲೇನು?"

"ಬರ್ರಿ."

"ಯಾವಾಗ ಬರೂಣು?"

ದಾಕ್ಷಾಯಿಣಿ ಎದ್ದು, ಕಲ್ಲಿನ ಮೇಲಿನ ಕರವಸ್ತ್ರ ಕೊಡವಿ, ನಾಲ್ಕು ಮಡಿಕೆ ಮಾಡಿ ಅವನ ಅಂಗಿಯ ಜೇಬಿಗೆ ಇಟ್ಟಳು. ಇಡುವಾಗ ಆ ಎದೆ ಎಷ್ಟು ಜೋರಾಗಿ ಬಡಿಯುತ್ತಿದೆ ಎಂದು ಅವಳ ಅಂಗೈಗೆ ತಿಳಿಯಿತು.

"ಗಡಿಬಿಡಿ ಏನಿಲ್ರಿ," ಎಂದಳು. ಸ್ವಲ್ಪ ಯೋಚಿಸಿದಳು. "ನಾಳೆ, ಸಾಲಿ ಗಂಟಿ ಹೊಡಿಯೂದ್ರೊಳಗ ಬರ್ರಿ."