ಅರ್ಧ ವೋಲ್ಟಿನ ಸಾಕ್ಷಿ

"ನನ್ನ ಕಾಲು ತಪ್ಪಿಲ್ಲ ಅಕ್ಕಾ, ಗಾಡಿನೇ ಕೈ ಕೊಡ್ತು. ಆದ್ರೆ ಒಬ್ರೂ ನಂಬ್ತಿಲ್ಲ," ಎಂದಳು ಆ ಹೆಂಗಸು, ನಮ್ಮ ಷೆಡ್ಡಿನ ಟೈರುಗಳ ನಡುವೆ ನಿಂತು.

ನನ್ನ ಅಕ್ಕ ವಾಹನಗಳ ಎಲೆಕ್ಟ್ರಿಷಿಯನ್. ವಿದ್ಯುತ್ ಅಳೆಯುವ, ಮುಳ್ಳಿನ ಹಳೆಯ ಮಲ್ಟಿಮೀಟರೊಂದು ಸದಾ ಅವಳ ಹೆಗಲಲ್ಲಿ ತೂಗುತ್ತಿದ್ದುದರಿಂದ ಊರಿಗೆಲ್ಲ ಅವಳು ಮೀಟರಕ್ಕ. ಪಕ್ಕದಲ್ಲೇ ಪಂಕ್ಚರ್ ಹಾಕುವ ತಮ್ಮ ನಾನು. ಅವಳ ಪತ್ತೇದಾರಿಕೆಗೆ ಚೀಲ ಹೊರುವವನೂ ನಾನೇ, ಬೈಸಿಕೊಳ್ಳುವವನೂ ನಾನೇ.

ಬಂದವಳು ಲಾಂಡ್ರಿಯೊಂದರ ವ್ಯಾನ್ ಡ್ರೈವರ್. ನಾಲ್ಕು ದಿನದ ಹಿಂದೆ ಬಟ್ಟೆಗಂಟು ತುಂಬಿದ ವ್ಯಾನನ್ನು ಲಾಂಡ್ರಿಯ ಏರು ಹತ್ತಿಸುವಾಗ ಅದು ಅರ್ಧದಲ್ಲೇ ಶಕ್ತಿ ಕಳೆದುಕೊಂಡು ಹಿಂದಕ್ಕೆ ಜಾರಿತ್ತು. ಹಿಂದೆ ನಡೆದು ಬರುತ್ತಿದ್ದ ಇಸ್ತ್ರಿ ಕೆಲಸದ ಮುದುಕನ ಕಾಲು ಮುರಿದಿತ್ತು. ಆ ಮುದುಕ ಬೇರೆ ಯಾರೂ ಅಲ್ಲ, ಅವಳ ಮಾವ.

"ಆಸ್ಪತ್ರೆಯಿಂದ ಬರೋವಾಗ, ನೀನು ಓಡ್ಸೋ ಗಾಡಿ ಇನ್ನು ಹತ್ತಲ್ಲ ಅಂದ್ಬಿಟ್ರು ಮಾವ. ಇವತ್ತು ಸಂಜೆ ನನ್ನ ಕೆಲಸದಿಂದ ತೆಗೀತಾರಂತೆ. ಕೆಲಸ ಹೋದ್ರೆ ಹೋಗ್ಲಿ. ಅವರು ಮುಖ ತಿರುಗಿಸ್ಕೊಳ್ಳೋದನ್ನ ಹೇಗೆ ತಡ್ಕೊಳ್ಲಿ?"

"ಅಳೋದು ಆಮೇಲೆ. ಗಾಡಿ ಮುಂಚೆ ಹೀಗೆ ಮಾಡಿತ್ತಾ?"

"ಮೂರು ಸಲ. ದೂರಿನ ಪುಸ್ತಕದಲ್ಲಿ ಬರ್ದಿದ್ದೀನಿ. ಪೆಟ್ರೋಲ್ ಬಂಕಿನ ಹತ್ರ ಒಬ್ಬ ಮೆಕ್ಯಾನಿಕ್ ಹೇಳಿದ್ದಕ್ಕೆ, ಕೊನೇ ಸಲ 'ಥ್ರಾಟಲ್ ಸೆನ್ಸರ್ ನೋಡಿಸಿ' ಅಂತಾನೇ ಬರೆದೆ."

"ತಮ್ಮಾ, ಚೀಲ ತಗೋ," ಎಂದಳು ಅಕ್ಕ. ಆ ದನಿ ಬಂತೆಂದರೆ ಅವಳನ್ನು ತಡೆಯುವವರಿಲ್ಲ.

ನಾವು ಲಾಂಡ್ರಿ ತಲುಪಿದಾಗ ಅಲ್ಲಿನ ಎರಡನೇ ವ್ಯಾನು ಏರು ಹತ್ತುತ್ತಿತ್ತು. ಅದು ನಡುವೆ ಮುಗ್ಗರಿಸಿ, ಕೆಮ್ಮಿ, ಮತ್ತೆ ಮೇಲೇರಿತು. "ಕ್ಲಚ್ ಬಿಡೋಕೂ ಬರಲ್ವಲ್ಲ ಇವನಿಗೆ," ಎಂದೆ. ಅದರ ಡ್ರೈವರಿಗೆ ಕೇಳಿಸಿಬಿಟ್ಟಿತು. "ನನಗೆಲ್ಲಾ ಬರುತ್ತೆ ಸ್ವಾಮಿ! ಮೂರು ದಿನದಿಂದ ಇದಕ್ಕೇ ಏನೋ ರೋಗ!" ಎಂದು ರೇಗಿದ.

ಸೂಪರ್‌ವೈಸರ್ ಬಾಗಿಲಲ್ಲೇ ಎದುರಾದ. "ವಿಮೆಯವರು ಮೊನ್ನೆ ಬಂದು ಎಲ್ಲಾ ಪರೀಕ್ಷೆ ಮಾಡಿ ಗಾಡಿ ಸರಿಯಿದೆ ಅಂದಿದ್ದಾರೆ. ನೀವಿನ್ನೇನು ಹುಡುಕ್ತೀರಿ?"

"ಅವರು ಬಿಟ್ಟಿದ್ದನ್ನ," ಎಂದಳು ಅಕ್ಕ.

ಅವನ ಮೇಜಿನ ಡ್ರಾಯರಿನಿಂದ ದೂರಿನ ಪುಸ್ತಕ ಹೊರಬಂತು. ಮೂರೂ ದೂರುಗಳ ಕೆಳಗೆ 'ಸರಿಪಡಿಸಲಾಗಿದೆ' ಎಂಬ ಬರಹ, ಅವನ ಸಹಿ. ಹಾಗಿದ್ದರೆ ಲಾಂಡ್ರಿಯ ಮೆಕ್ಯಾನಿಕ್ಕೇ ಕೆಲಸಗಳ್ಳ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಅಪಘಾತದ ವ್ಯಾನು ಬೀಗ ಹಾಕಿದ ಕೊಠಡಿಯಲ್ಲಿತ್ತು. ಬೀಗದ ಕೈ ಆಫೀಸಿನ ಮೊಳೆಯಲ್ಲಿ ನೇತಾಡುತ್ತಿತ್ತು. ಸೂಪರ್‌ವೈಸರ್, ಮೆಕ್ಯಾನಿಕ್, ಇಬ್ಬರು ಡ್ರೈವರುಗಳು, ಎಲ್ಲರಿಗೂ ಅದು ಎಟುಕುತ್ತಿತ್ತು. "ಅಪಘಾತ ಆದ್ಮೇಲೆ ಗಾಡಿ ಮುಟ್ಟಬೇಡ ಅಂದ್ರು, ಮುಟ್ಟಿಲ್ಲ," ಎಂದ ಮೆಕ್ಯಾನಿಕ್.

ಆಕ್ಸಿಲರೇಟರ್ ಎಷ್ಟು ಒತ್ತಿದ್ದೇವೆಂದು ಎಂಜಿನ್ನಿಗೆ ತಿಳಿಸುವುದು ಆ ಥ್ರಾಟಲ್ ಸೆನ್ಸರ್. ಅಕ್ಕ ಎಂಜಿನ್ ಶುರು ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದಳು. ಮೀಟರಿನ ಕಪ್ಪು ವೈರನ್ನು ಗಾಡಿಯ ಅರ್ತಿಂಗಿಗೂ ಕೆಂಪು ವೈರನ್ನು ಸೆನ್ಸರಿನ ಸಿಗ್ನಲ್ ತಂತಿಗೂ ಸೇರಿಸಿದಳು. "ತಮ್ಮಾ, ಪೆಡಲ್ ಒತ್ತು. ನಿಧಾನ! ಅವಸರ ಮಾಡಿದ್ರೆ ದೋಷ ಇದ್ರೂ ಕಾಣಲ್ಲ." ಮುಳ್ಳು ಎಲ್ಲೂ ತಡವರಿಸದೆ ನಾಲ್ಕೂವರೆ ವೋಲ್ಟಿನವರೆಗೆ ಏರಿತು. ಸೆನ್ಸರ್ ಚೆನ್ನಾಗಿತ್ತು. ಡ್ರೈವರಮ್ಮನ ಮುಖ ಬಾಡಿತು.

ಅಕ್ಕ ಮಾತ್ರ ಕದಲಲಿಲ್ಲ. "ಪೆಡಲ್ ಪೂರ್ತಿ ಬಿಡು," ಎಂದಳು. ಮುಳ್ಳು 0.7ರಲ್ಲಿ ನಿಂತಿತು. ಬಾನೆಟ್ಟಿನ ಒಳಮೈಯಲ್ಲಿ ಬಿಳಿ ಬಣ್ಣದಲ್ಲಿ '0.5' ಎಂದು ಬರೆದಿತ್ತು.

"ಅದು ನನ್ನ ಪದ್ಧತಿ," ಎಂದ ಮೆಕ್ಯಾನಿಕ್. "ಎರಡೂ ವ್ಯಾನಲ್ಲಿ ಪೆಡಲ್ ಬಿಟ್ಟಾಗ ಅರ್ಧ ವೋಲ್ಟ್ ಬರೋ ಹಾಗೆ ಸೆನ್ಸರ್ ಕೂರಿಸಿ ಬರೆದಿಡ್ತೀನಿ."

"ಎಲ್ಲರನ್ನೂ ಅಂಗಳಕ್ಕೆ ಕರೀರಿ," ಎಂದಳು ಅಕ್ಕ. "ಆ ಮಾವನನ್ನೂ."

ಲಾಂಡ್ರಿಯ ಒಡತಿ ಬಂದರು. ಪಕ್ಕದ ಕ್ವಾರ್ಟರ್ಸಿನಿಂದ ಮಾವನನ್ನು ಕುರ್ಚಿ ಸಮೇತ ಎತ್ತಿ ತಂದರು. ಪ್ಲಾಸ್ಟರ್ ಕಾಲು ಚಾಚಿ ಕೂತ ಆತ ಸೊಸೆಯತ್ತ ನೋಡಲಿಲ್ಲ. ಅಕ್ಕ ಅಷ್ಟರಲ್ಲಿ ಎರಡನೇ ವ್ಯಾನಿನ ಬಾನೆಟ್ ಎತ್ತಿ ಮೀಟರ್ ಸೇರಿಸಿದ್ದಳು.

"ಎಲ್ಲರೂ ಮುಳ್ಳು ನೋಡಿ. ತಮ್ಮಾ, ಒತ್ತು."

ಒತ್ತಿದೆ. ಮುಳ್ಳು ಏರಿತು, ಎರಡರ ಹತ್ತಿರ ದೊಪ್ಪನೆ ಸೊನ್ನೆಗೆ ಬಿತ್ತು, ಮತ್ತೆ ಎದ್ದು ಏರಿತು. ಇನ್ನೊಮ್ಮೆ ಒತ್ತಿದರೂ ಅಲ್ಲೇ ಬಿತ್ತು.

"ಏರು ಹತ್ತೋವಾಗ ಪೆಡಲ್ ನಿಲ್ಲೋದು ಇದೇ ಜಾಗದಲ್ಲಿ," ಎಂದಳು ಅಕ್ಕ. "ಸೆನ್ಸರ್ ಮಾತು ನಿಲ್ಲಿಸುತ್ತೆ, ಎಂಜಿನ್ ಸೊರಗುತ್ತೆ. ಅಪಘಾತ ಮಾಡಿದ ಸೆನ್ಸರ್ ಇದು. ಮಾರನೇ ದಿನ ಎರಡೂ ವ್ಯಾನಿನ ಸೆನ್ಸರ್ ಅದಲುಬದಲಾಗಿದೆ. ಈ ಗಾಡಿಗೆ ರೋಗ ಬಂದಿದ್ದು ಅವತ್ತಿಂದ್ಲೇ. ಹೊಸದು ಕೊಂಡು ಹಾಕಿದ್ರೆ ಅಂಗಡಿಯವನು ಸಾಕ್ಷಿ ಹೇಳ್ತಾನೆ, ಅದಕ್ಕೇ ಈ ಅದಲುಬದಲು!"

"ಯಾರು ಮಾಡಿದ್ದು?" ಎಂದು ಕೇಳಿದರು ಒಡತಿ.

"ಡ್ರೈವರಮ್ಮ ಅಲ್ಲ, ಕೆಟ್ಟ ಸೆನ್ಸರ್ರೇ ಅವಳಿಗೆ ಆಧಾರ, ಅದನ್ನ ಅವಳೇ ಯಾಕೆ ತೆಗೀತಾಳೆ? ಇನ್ನೊಬ್ಬ ಡ್ರೈವರ್ ತನ್ನ ಗಾಡಿಗೆ ತಾನೇ ರೋಗ ಹಚ್ಕೊಳ್ಳಲ್ಲ. ಮೆಕ್ಯಾನಿಕ್ ಅಲ್ಲ, ಅರ್ಧ ವೋಲ್ಟಿಗೆ ಹೊಂದಿಸದೆ ಅವನ ಕೈ ಸ್ಕ್ರೂ ಬಿಗಿಯಲ್ಲ, ಆದ್ರೆ ಅಪಘಾತದ ಗಾಡೀಲಿ ಮುಳ್ಳು 0.7ರಲ್ಲಿತ್ತು. ಇದು ಸ್ಕ್ರೂಡ್ರೈವರ್ ಇದ್ದು ಮೀಟರ್ ಇಲ್ಲದವನ ಕೆಲಸ. ಮೆಕ್ಯಾನಿಕ್, ಆ ಮೂರು ದೂರು ನಿನಗೆ ಗೊತ್ತಿತ್ತಾ?"

"ಇಲ್ಲಮ್ಮ. ಸೂಪರ್‌ವೈಸರ್ ಚೀಟಿ ಕೊಟ್ರೆ ಕೆಲಸ ಮಾಡ್ತೀನಿ. ಇದಕ್ಕೆ ಒಂದು ಚೀಟಿನೂ ಬಂದಿಲ್ಲ."

"ಹಾಗಾದ್ರೆ ತಪ್ಪು ಆ ಸೆನ್ಸರಿನದು ಅಂತ ಓದಿ ತಿಳ್ಕೊಂಡವನು ಒಬ್ನೇ."

ಸೂಪರ್‌ವೈಸರ್ ಒಂದು ಹೆಜ್ಜೆ ಹಿಂದೆ ಸರಿದ. "ಗಾಡಿ ಒಂದಿನ ನಿಂತ್ರೂ ಆಸ್ಪತ್ರೆಗಳಿಗೆ ಬಟ್ಟೆ ತಪ್ಪುತ್ತಿತ್ತು... ಅದಕ್ಕೇ ಸಹಿ ಹಾಕಿದೆ. ಆಮೇಲೆ ಹೆದರಿದೆ."

"ಹೆದರಿ ಇನ್ನೊಬ್ಬನ ಗಾಡಿಗೆ ಅದನ್ನ ಕಟ್ಟಿದೆ," ಎಂದಳು ಅಕ್ಕ. ಅವಳು ಅಷ್ಟು ಸಿಟ್ಟಾಗಿದ್ದನ್ನು ನಾನು ಕಂಡಿರಲಿಲ್ಲ. ಒಡತಿ ಕೈ ಚಾಚಿ ಅವನಿಂದ ಆಫೀಸಿನ ಬೀಗದ ಕೈಗಳನ್ನು ಇಸಿದುಕೊಂಡರು.

ಮೆಕ್ಯಾನಿಕ್ ಕೂಡಲೇ ಹೊಸ ಸೆನ್ಸರ್ ತಂದು, ಅಕ್ಕನ ಮೀಟರಿನಲ್ಲೇ ಎರಡೂ ವ್ಯಾನುಗಳನ್ನು ಹೊಂದಿಸಿದ. ಅಷ್ಟೂ ಹೊತ್ತು ಮಾವ ತಲೆ ತಗ್ಗಿಸಿ ಕೂತಿದ್ದರು. ಸೊಸೆ ದೂರದಲ್ಲಿ ಸೆರಗಿನ ತುದಿ ಹಿಂಡುತ್ತಿದ್ದಳು.

"ನಾಳೆ ಪ್ಲಾಸ್ಟರ್ ತೋರಿಸೋಕೆ ಆಸ್ಪತ್ರೆಗೆ ಹೋಗ್ಬೇಕು," ಎಂದರು ಮಾವ, ಯಾರಿಗೂ ಅಲ್ಲ ಎಂಬಂತೆ.

"ಆಟೋ ಹೇಳ್ಲಾ ಮಾವ?"

"ಆಟೋ ಯಾಕೆ? ಗಾಡಿ ಇದೆಯಲ್ಲ." ಮುದುಕ ಕೊನೆಗೂ ಅವಳತ್ತ ತಿರುಗಿದರು. ಕಣ್ಣು ತುಂಬಿತ್ತು. "ಮುಂದಿನ ಸೀಟಲ್ಲೇ ಕೂರ್ತೀನಮ್ಮ. ನೀನೇ ಓಡ್ಸು."