ಸೂರಿನ ನೆತ್ತಿಗೆ ಕಟ್ಟಿದ ಕೊಂಬೆ

ಕಾಫಿ ಲೋಟವನ್ನು ಥಿಬೋ ಮುಟ್ಟಲೇ ಇಲ್ಲ. ಏನೋ ಎಡವಟ್ಟಾಗಿದೆ ಎಂದು ನನಗೆ ಅನ್ನಿಸಿದ್ದು ಆಗಲೇ. ಇಪ್ಪತ್ತೈದು ದಿನಗಳಿಂದ ಬೆಳಿಗ್ಗೆ ಎಂಟಕ್ಕೆ ಬಂದು, ನನ್ನ ಕಾಫಿ ನೀರುನೀರಾಗಿದೆ ಎಂದು ಛೇಡಿಸಿ, ಆಮೇಲೆ ಎರಡು ಲೋಟ ಕುಡಿಯುತ್ತಿದ್ದ ಬಡಗಿ ಅವನು.

"ಸೂರಿನ ಮೇಲೆ ಒಂದು ಕೊಂಬೆ ಇತ್ತಲ್ಲ ಮೇಡಂ, ಎಲ್ಲಿ?"

"ತೆಗೆದೆ," ಎಂದೆ, ಹೆಮ್ಮೆಯಿಂದಲೇ. "ಬೆಳಿಗ್ಗೆ ನಾನೇ ಏಣಿ ಹತ್ತಿದೆ. ಎತ್ತರ ಅಂದ್ರೆ ನನಗೆ ಎಷ್ಟು ಭಯ ಅಂತ ನಿಮಗೆ ಗೊತ್ತಲ್ಲ? ನೀವು ಯಾವುದಕ್ಕೋ ಕಟ್ಟಿ ಮರೆತುಬಿಟ್ಟಿದ್ರಿ ಅನ್ಸುತ್ತೆ."

"ಅದನ್ನ ಏನು ಮಾಡಿದ್ರಿ?"

"ಒಲೆಗೆ ಹಾಕಿದೆ. ಹಸಿ ಇತ್ತು, ಬರೀ ಹೊಗೆ. ನಿಮ್ಮ ಕಾಫಿ ಅದರಲ್ಲೇ ಆಗಿದ್ದು."

ಅವನು ಒಲೆಯನ್ನು ನೋಡಿದ, ನನ್ನನ್ನು ನೋಡಿದ. ಆ ಕಂದು ಕಣ್ಣುಗಳಲ್ಲಿ ದಿನವೂ ಇರುತ್ತಿದ್ದ ಕೀಟಲೆ ಇರಲಿಲ್ಲ. ಟೋಪಿ ಕೈಗೆತ್ತಿಕೊಂಡ.

"ಸರಿ ಬಿಡಿ. ದೂರದ ಬ್ರೆತಾನ್ಯದಲ್ಲಿ ನಮ್ಮಣ್ಣ ಒಂದು ವರ್ಷದ ಕೆಲಸ ಹಿಡಿದಿದ್ದಾನೆ, ಬಾ ಅಂತ ಕರೀತಾನೇ ಇದ್ದ. ಇವತ್ತೇ ಹೊರಡ್ತೀನಿ."

ಒಂದು ವರ್ಷ. ಬೇಡ ಎನ್ನಬೇಕಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳಿದ್ದು ಯಾವಾಗ?

"ಹೋಗಿ. ನಿಮ್ಮನ್ನ ಇಲ್ಲಿ ಯಾರೂ ಹಿಡಿದಿಟ್ಟುಕೊಂಡಿಲ್ಲ."

ಅವನು ಉಳಿ, ಸುತ್ತಿಗೆ, ಗರಗಸ ಒಂದೊಂದಾಗಿ ವ್ಯಾನಿಗೆ ತುಂಬುವುದನ್ನು ಅಡುಗೆಮನೆ ಕಿಟಕಿಯಿಂದ ನೋಡುತ್ತ ನಿಂತೆ. ಒಮ್ಮೆ ತಿರುಗಿ ನೋಡಬಹುದು ಎಂದುಕೊಂಡೆ. ನೋಡಲಿಲ್ಲ.

ಹಾಲೆಂಡಿನ ಶಾಲೆಯ ಕೆಲಸ ಬಿಟ್ಟು, ಮುರಿದ ಮದುವೆಯ ಕಾಗದಪತ್ರ ಹಿಡಿದು ನಾನು ಪರದೇಶದ ಈ ಹಳ್ಳಿಗೆ ಬಂದು ಎರಡು ವರ್ಷವಾಗಿತ್ತು. ಫೋಟೋದಲ್ಲಿ ಸುಂದರವಾಗಿದ್ದ ಈ ಕಲ್ಲಿನ ಮನೆಯ ಸೂರು ಹುಳು ತಿಂದು ಜೊಳ್ಳಾಗಿತ್ತು. ಥಿಬೋ ಬಂದು ಅದನ್ನೆಲ್ಲ ಇಳಿಸಿ ಓಕ್ ಮರದ ಹೊಸ ತೊಲೆಗಳನ್ನು ಏರಿಸಿದ. ಅವನು ಮೇಲೆ ಕೂತು ಸಿಳ್ಳೆ ಹಾಕುತ್ತಿದ್ದರೆ ನನಗೆ ಕೆಳಗೆ ಸುಮ್ಮಸುಮ್ಮನೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಏಣಿ ಹಿಡಿದುಕೊಳ್ಳಲು ಕರೆದಾಗಂತೂ ಓಡಿಹೋಗುತ್ತಿದ್ದೆ. ನಲವತ್ತಮೂರರ ಹೆಂಗಸು ಹೀಗೆಲ್ಲ ಓಡಬಾರದು, ಗೊತ್ತಿತ್ತು.

ಹನ್ನೆರಡರ ಗಂಟೆ ಬಾರಿಸುವಾಗ ಪಕ್ಕದ ಮನೆಯ ಒಡೆತ್ ಅಜ್ಜಿ ಬೇಲಿಯ ಮೇಲೆ ಬಗ್ಗಿದಳು.

"ಯಾಕಮ್ಮಾ ಹನ್ನೆಕೆ, ಆ ಥಿಬೋನ ಓಡಿಸಿಬಿಟ್ಟೆ?"

"ನಾನೆಲ್ಲಿ ಓಡಿಸಿದೆ ಅಜ್ಜಿ? ಅವರೇ ಹೋದ್ರು."

"ಕೊಂಬೆ ಸುಟ್ಟೆಯಂತೆ. ಬೇಕರಿ ತುಂಬ ಅದೇ ಮಾತು." ಅಜ್ಜಿ ಕೈಯಲ್ಲಿದ್ದ ಕಾಳನ್ನು ಕೋಳಿಗಳಿಗೆ ಎರಚಿದಳು. "ಸೂರಿನ ಕೆಲಸ ಮುಗಿದ್ರೆ ಬಡಗಿ ನೆತ್ತಿಗೆ ಒಂದು ಕೊಂಬೆ ಕಟ್ತಾನೆ. ಮನೆಯವರು ಅವನನ್ನ ಕರೆದು, ಮೇಜಿನ ಹತ್ರ ಕೂರಿಸಿ ವೈನ್ ಕೊಡಬೇಕು. ಕೊಂಬೆ ಕಿತ್ತುಹಾಕಿದ್ರೆ, ನಿನ್ನ ಕೆಲಸಾನೂ ಬೇಡ, ನನ್ನ ಮೇಜಿನ ಹತ್ರ ನೀನೂ ಬೇಡ ಅಂತ. ನೀನು ಸುಟ್ಟೇ ಬಿಟ್ಟೆ."

ನಾನು ತಲೆಯೆತ್ತಿ ಸೂರಿನ ಬರಿದಾದ ನೆತ್ತಿಯನ್ನು ನೋಡಿದೆ.

"ಜಿಪುಣರ ಮನೆಗೆ ಕೊಂಬೆ ಬದಲು ಪೊರಕೆ ಕಟ್ಟೋರು ನಮ್ಮ ಕಡೆ. ನಿನಗೆ ಅವನು ತನ್ನ ಅಮ್ಮನ ತೋಟದ ಕೊಂಬೆ ತಂದು ಕಟ್ಟಿದ್ದ. ಎಂಟು ದಿನದ ಕೆಲಸಾನ ಇಪ್ಪತ್ತೈದು ದಿನ ಎಳೆದವನು ಯಾತಕ್ಕೆ ಎಳೆದ ಅಂತ ಊರಿಗೆಲ್ಲ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ."

"ಈಗ ಎಲ್ಲಿದ್ದಾರೆ ಅವರು?"

"ಇನ್ನೆಲ್ಲಿ, ಚೌಕದ ಹೋಟೆಲಲ್ಲಿ ಊಟಕ್ಕೆ ಕೂತಿದ್ದಾನೆ. ಎದೆ ಒಡೆದರೂ ನಮ್ಮವರು ಊಟ ಬಿಡಲ್ಲ ಕಣೇ. ಎರಡು ಗಂಟೆ ತನಕ ನಿನಗೆ ಟೈಮಿದೆ."

ಹೋಟೆಲಿಗೆ ಓಡಿ ಕ್ಷಮೆ ಕೇಳಬಹುದಿತ್ತು. ಆದರೆ ಊರಿಗೆಲ್ಲ ಗೊತ್ತಾದ ತಪ್ಪನ್ನು ಊರಿನ ಕಣ್ಣೆದುರೇ ಸರಿಪಡಿಸಬೇಕು ಅನ್ನಿಸಿತು. ಬಂದ ವರ್ಷ ನಾನೇ ನೆಟ್ಟ ಅಂಜೂರದ ಗಿಡದಿಂದ ಒಂದು ಕೊಂಬೆ ಕಡಿದೆ. ಅಡುಗೆಮನೆಯ ದಾರ ಹಲ್ಲಲ್ಲಿ ಕಚ್ಚಿಕೊಂಡು ಏಣಿ ಹತ್ತಿದೆ.

ಬೆಳಿಗ್ಗೆ ಮಂಜಿತ್ತು, ಕೆಳಗೆ ಏನೂ ಕಾಣುತ್ತಿರಲಿಲ್ಲ, ಆದ್ದರಿಂದ ಹತ್ತಿದ್ದೆ. ಈಗ ಎಲ್ಲವೂ ಕಾಣುತ್ತಿತ್ತು. ಬರೀ ತೊಲೆಗಳು, ಅವುಗಳ ನಡುವೆ ಬಾಯಿ ತೆರೆದ ಜಾಗ, ಅದರ ಕೆಳಗೆ ಕಲ್ಲಿನ ನೆಲ. ನೆತ್ತಿಯ ತೊಲೆಯ ಮೇಲೆ ಕುದುರೆ ಏರಿದಂತೆ ಕೂತು, ಕೊಂಬೆ ಕಟ್ಟಿದೆ. ಇಳಿಯೋಣವೆಂದರೆ ಕಾಲುಗಳು ಒಪ್ಪಲಿಲ್ಲ.

ಚೌಕದಲ್ಲಿ ಯಾರೋ ಬೆರಳು ತೋರಿಸಿದರು. ಹೋಟೆಲಿನ ಬಾಗಿಲು ತೆರೆಯಿತು. ಕತ್ತಿಗೆ ಊಟದ ಕರವಸ್ತ್ರ ಸಿಕ್ಕಿಸಿಕೊಂಡೇ ಎಲ್ಲರೂ ಹೊರಗೆ ಬಂದರು. ಅವರಲ್ಲಿ ಒಬ್ಬ ಮೊದಲು ನಡೆದ, ಆಮೇಲೆ ಓಡಿದ.

ಏಣಿ ಕಿರುಗುಟ್ಟಿತು. ಥಿಬೋನ ತಲೆ ಕಾಣಿಸಿತು.

"ಕೆಳಗೆ ನೋಡಬೇಡಿ," ಎಂದ ಏದುಸಿರಿನಲ್ಲಿ.

"ನೋಡ್ತಿಲ್ಲ. ನಿಮ್ಮನ್ನೇ ನೋಡ್ತಿದ್ದೀನಿ."

ಅವನು ತೊಲೆಯ ಮೇಲೆ ನನಗೆದುರಾಗಿ ಕೂತ. ಗಡ್ಡದಲ್ಲಿ ಬ್ರೆಡ್ಡಿನ ಚೂರು ಅಂಟಿತ್ತು. ಕೊಂಬೆಯನ್ನು ಮುಟ್ಟಿ ನೋಡಿದ.

"ಇದೆಂಥ ಗಂಟು? ಕೋಳಿ ಕಾಲು ಕಟ್ಟಿದ ಹಾಗಿದೆ."

"ಬಿಚ್ಚಬೇಡಿ."

"ಮನೆಯವರು ಕಟ್ಟೋ ಪದ್ಧತಿ ಇಲ್ಲ ಮೇಡಂ. ಬಡಗಿ ಕಟ್ಟಬೇಕು. ಕಟ್ಟಿ, ವೈನ್ ಕುಡಿದು, ಹೊರಟುಹೋಗಬೇಕು."

"ಅದಕ್ಕೇ ನಾನು ಕಟ್ಟಿದ್ದು. ನೀವು ಕಟ್ಟಿಲ್ಲ, ನಿಮ್ಮ ಕೆಲಸ ಮುಗಿದಿಲ್ಲ. ಹೋಗೋ ಹಾಗಿಲ್ಲ."

ಅಂಜೂರದ ಎಲೆ ಅವನ ಭುಜಕ್ಕೆ ತಾಗುತ್ತಿತ್ತು.

"ಬೆಳಿಗ್ಗೆ ಹೋಗಿ ಅಂದ್ರಿ."

"ಕೋಪಕ್ಕೆ ಅಂದೆ. ಪದ್ಧತಿ ನನಗೆ ಗೊತ್ತಿರಲಿಲ್ಲ, ಅದು ನನ್ನ ತಪ್ಪು. ಆದ್ರೆ ನೀವಿಲ್ಲದೆ ಈ ಮನೇಲಿರೋಕೆ ನನ್ನಿಂದ ಆಗಲ್ಲ ಥಿಬೋ. ನೆಲದ ಮೇಲೆ ನಿಂತು ಇದನ್ನ ಹೇಳೋ ಧೈರ್ಯ ಇರಲಿಲ್ಲ."

ಅವನು ಮೊದಲ ಸಲ ನನ್ನ ಹೆಸರು ಹಿಡಿದು ಕರೆದ. "ಹನ್ನೆಕೆ, ನೀವು ಕೂತಿರೋ ಈ ತೊಲೆಯನ್ನ ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ್ದೀನಿ. ನಿನ್ನೆ ಇನ್ನು ಬಿಚ್ಚೋಕೆ ಏನೂ ಉಳಿದಿರಲಿಲ್ಲ. ನಿಮ್ಮ ಮೇಜಿನ ಹತ್ರ ಕೂತಾಗ ಒಂದು ಮಾತು ಕೇಳೋಣ ಅಂತ ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ."

"ಈಗ ಕೇಳಿ."

"ಈಗ ಮರೆತುಹೋಗಿದೆ," ಎಂದ, ಮತ್ತು ಕೀಟಲೆ ಕಣ್ಣಿಗೆ ಮರಳಿತು. "ಉತ್ತರ ಸಿಕ್ಕಿತಲ್ಲ."

ಕೆಳಗಿನಿಂದ ಒಡೆತ್ ಅಜ್ಜಿ ಕೂಗಿದಳು. "ಥಿಬೋ, ನಿನ್ನ ಊಟ ಆರ್ತಾ ಇದೆ ಕಣೋ."

"ಆರಲಿ ಬಿಡಜ್ಜಿ."

ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡದ್ದು ಅಷ್ಟು ಎತ್ತರದಿಂದಲೂ ನನಗೆ ಕಂಡಿತು. ಎರಡು ವರ್ಷ ಈ ಊರಿನಲ್ಲಿದ್ದವಳಿಗೆ ಒಬ್ಬ ಊಟ ಬಿಟ್ಟದ್ದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವನು ಇನ್ನು ಎಲ್ಲಿಗೂ ಹೋಗುವುದಿಲ್ಲ.

ಥಿಬೋ ಕೈ ಚಾಚಿದ. ಉಳಿ ಹಿಡಿದು ಒರಟಾದ, ಬೆಚ್ಚಗಿನ ಕೈ. ನಾನು ಹಿಡಿದುಕೊಂಡೆ.

"ಇಳಿಯೋಣ ಬಾ," ಎಂದ. "ಬೆಳಿಗ್ಗೆ ಕುಡಿಯದೇ ಬಿಟ್ಟ ಕಾಫಿ ಇದೆಯಲ್ಲ, ಅದನ್ನ ಕೊಡು. ನೀರುನೀರಾಗೇ ಇರಲಿ."