ಗೋಡೆಗೆ ಮುಖ ಮಾಡಿದ ಬೀಗ

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಸತ್ತ ಗಂಡನ ಅಂಗಿ ಮತ್ತು ಪ್ಯಾಂಟು. ಹಿಂದಿನ ದಿನ ಸಹಿ ಹಾಕಿಸಿಕೊಂಡು ಆ ಬಟ್ಟೆಯನ್ನು ಆಕೆಗೆ ಕೊಟ್ಟಿದ್ದು ಇದೇ ಠಾಣೆ. ಇನ್ಸ್‌ಪೆಕ್ಟರಿಗೆ ಗುರುತು ಹತ್ತಿತು. ಸೋಮವಾರ ಸಾಬೂನು ಪುಡಿಯ ಕಾರ್ಖಾನೆಯಲ್ಲಿ, ಪುಡಿ ಕಲಸುವ ಮಿಕ್ಸರ್‌ನೊಳಗೆ ಸಿಕ್ಕಿ ಸತ್ತ ಮೇಸ್ತ್ರಿಯ ಹೆಂಡತಿ. ಬಟ್ಟೆ ಹೊಲಿಯುವುದು ಆಕೆಯ ಕಸುಬು.

ಆ ಪ್ರಕರಣ ಮುಗಿದೇ ಹೋಗಿತ್ತು. ಅಸಹಜ ಸಾವು ಎಂದು ದಾಖಲಿಸಿ, ಕಾರ್ಖಾನೆಯವರ ವರದಿ ಲಗತ್ತಿಸಿ, ಮೃತನ ಸ್ವಂತ ನಿರ್ಲಕ್ಷ್ಯವೇ ಕಾರಣವೆಂದು ಬರೆದು ಇನ್ಸ್‌ಪೆಕ್ಟರ್ ಕೈ ತೊಳೆದುಕೊಂಡಿದ್ದ. ತಿಂಗಳ ಕೊನೆ. ಬಾಕಿ ಪ್ರಕರಣಗಳನ್ನು ಸೊನ್ನೆಗೆ ತರಬೇಕೆಂದು ಮೇಲಿನವರು ಬೆನ್ನು ಬಿದ್ದಿದ್ದರು. ಸೊನ್ನೆ ತರುವುದು ಅಷ್ಟೇನೂ ಕಷ್ಟವಲ್ಲ, ಬರೆಯುವ ಕೈ ಸ್ವಲ್ಪ ಉದಾರವಾಗಿದ್ದರೆ ಸಾಕು.

ಆ ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ಯಂತ್ರದೊಳಗೆ ಇಳಿಯುವವನು ಮೊದಲು ಅದರ ಸ್ವಿಚ್ಚಿಗೆ ತನ್ನ ಸ್ವಂತ ಬೀಗ ಹಾಕಿ, ಕೀಲಿ ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಬೀಗ ಇರುವವರೆಗೆ ಯಾರು ತಿಪ್ಪರಲಾಗ ಹಾಕಿದರೂ ಯಂತ್ರ ಓಡುವುದಿಲ್ಲ. ಮೇಸ್ತ್ರಿ ಅವತ್ತು ಬೀಗ ಹಾಕದೆ ಇಳಿದ ಎನ್ನುವುದು ವರದಿಯ ಸಾರಾಂಶ.

ಹೆಂಗಸು ಚೀಲದಿಂದ ಪ್ಯಾಂಟು ತೆಗೆದು ಮೇಜಿನ ಮೇಲೆ ಹರಡಿದಳು. ಸೊಂಟಪಟ್ಟಿಯ ಒಳಗೆ ಬೆರಳಗಲದ ಒಂದು ಜೇಬು, ಅದಕ್ಕೊಂದು ಗುಂಡಿ. ಕೀಲಿ ಕಳೆಯದಿರಲೆಂದು ತಾನೇ ಹೊಲಿದುಕೊಟ್ಟಿದ್ದಾಗಿ ಹೇಳಿದಳು. ಬೀಗ ಹಾಕಿದ ಹೊತ್ತಿನಲ್ಲಿ ಮಾತ್ರ ಗಂಡ ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಎದೆಗೆ ತಾಗುತ್ತಿದ್ದರೆ ನೆನಪಿರುತ್ತದೆ ಎನ್ನುತ್ತಿದ್ದ.

"ನಿಮ್ಮ ಪಂಚನಾಮೆಯಲ್ಲಿ ಕೀಲಿ ಎಲ್ಲಿ ಸಿಕ್ಕಿದೆ ಅಂತ ಬರ್ದಿದೀರಿ, ಸರ್?"

ದಫೇದಾರ ಕಡತ ತೆರೆದು ನೋಡಿ ಗಂಟಲು ಸರಿಮಾಡಿಕೊಂಡ. ಅಂಗಿಯ ಜೇಬಿನಲ್ಲಿ ಎಂದು ಅವನದೇ ಕೈಬರಹದಲ್ಲಿತ್ತು.

"ನನ್ನ ಗಂಡ ಬೀಗ ಹಾಕಿದ್ರು. ಗುಂಡಿ ಒತ್ತಿದ್ದು ನನ್ನ ತಮ್ಮ. ಅವನು ಬೀಗ ಇರ್ಲಿಲ್ಲ ಅಂತಾನೆ. ಮೂರು ವರ್ಷದಿಂದ ನಮ್ಮನೇಲೇ ಇರೋನು, ಕೆಲಸಕ್ಕೆ ಸೇರಿಸಿದ್ದೇ ಇವರು. ಈಗ ಗಂಡನ್ನ ನಂಬಿದ್ರೆ ತಮ್ಮ ಕೊಲೆಗಾರ. ತಮ್ಮನ್ನ ನಂಬಿದ್ರೆ ಗಂಡ ಬೇಜವಾಬ್ದಾರಿ. ಅವನನ್ನ ಮನೆಗೆ ಬಾ ಅನ್ನೋಕೂ ಆಗ್ತಿಲ್ಲ, ಬರಬೇಡ ಅನ್ನೋಕೂ ಆಗ್ತಿಲ್ಲ. ಯಾರದ್ದು ಸುಳ್ಳು ಅಂತ ನೀವು ಹೇಳಿ, ನನಗೆ ಬೇರೇನೂ ಬೇಡ."

ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಇನ್ಸ್‌ಪೆಕ್ಟರ್ ಎಷ್ಟೋ ಕಡತಗಳಲ್ಲಿ ಓದಿದ್ದ. ಎದುರಿಗೆ ನಿಂತು ನೋಡಿದ್ದು ಕಡಿಮೆ. ಹತ್ತೂಕಾಲಿಗೆ FIR ದಾಖಲಾಯಿತು. ಬರೆಸುವಾಗ ತನ್ನ ಹಳೆಯ ಸಹಿ ಕಣ್ಣಿಗೆ ಬಿದ್ದು ಅವನಿಗೆ ನಾಚಿಕೆಯಾಯಿತು.

ತಮ್ಮನನ್ನು ಹುಡುಕುವ ಕಷ್ಟ ಬೀಳಲಿಲ್ಲ. ಅವನು ಎರಡು ದಿನದಿಂದ ಮನೆಗೆ ಹೋಗದೆ ಠಾಣೆಯ ಎದುರಿನ ಬಸ್ ತಂಗುದಾಣದಲ್ಲೇ ಬಿದ್ದುಕೊಂಡಿದ್ದ. ಮೂವತ್ತರ ಗಂಡಸು, ಬಲಗೈಯನ್ನು ಎಡ ಕಂಕುಳಲ್ಲಿ ಅಮುಕಿ ಹಿಡಿದಿದ್ದ. ಗಾಯವೇ ಎಂದು ದಫೇದಾರ ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದ.

"ಬೀಗ ಇತ್ತಾ?"

"ಇರ್ಲಿಲ್ಲ."

"ಸರಿಯಾಗಿ ನೋಡಿದ್ಯಾ?"

"ಅದನ್ನೇ ಸರ್ ಕಲಿಸೋದು. ಬೀಗ ಇದ್ರೆ ಮುಟ್ಟಬೇಡ, ಇಲ್ದಿದ್ರೆ ಓಡಿಸು. ತಪಾಸಣೆಯವರು ಬರೋ ಹೊತ್ತು, ಚಹಾ ಬಿಡುವು ಮುಗಿದ ಗಂಟೆ ಹೊಡೀತು, ನೋಡ್ದೆ, ಬೀಗ ಇರ್ಲಿಲ್ಲ, ಒತ್ತಿದೆ."

"ಭಾವ ಎಲ್ಲಿದಾರೆ ಅಂತ ಕೇಳ್ಲಿಲ್ವಾ?"

ಅವನು ಕಂಕುಳನ್ನು ಇನ್ನಷ್ಟು ಬಿಗಿ ಮಾಡಿಕೊಂಡ. ಕೇಳಬೇಕಿತ್ತು ಎಂದ. ಬೇರೆ ಕೀಲಿ ಯಾರ ಬಳಿ ಇರಬಹುದೆಂದಾಗ, ಸಾಧ್ಯವೇ ಇಲ್ಲವೆಂದ. ಪ್ರತಿ ಹೊಸ ಬೀಗಕ್ಕೂ ಎರಡು ಕೀಲಿ ಬರುತ್ತವೆ. ತರಬೇತಿಯ ಮೊದಲ ದಿನವೇ ಮೇಷ್ಟ್ರು ಕಲಿಯುವವನ ಕಣ್ಣೆದುರು ಎರಡನೆಯದನ್ನು ಕತ್ತರಿಸಿ ಬಿಸಾಡುತ್ತಾರೆ. ಒಬ್ಬ ಮನುಷ್ಯ, ಒಂದು ಬೀಗ, ಒಂದು ಕೀಲಿ. ಅದು ಅವರ ಮೊದಲ ಪಾಠ.

ಮಧ್ಯಾಹ್ನ ಇಬ್ಬರು ಪಂಚರನ್ನು ಕರೆದುಕೊಂಡು ಇನ್ಸ್‌ಪೆಕ್ಟರ್ ಕಾರ್ಖಾನೆಗೆ ಹೋದ. ಬಾಗಿಲಲ್ಲೇ ಆಳೆತ್ತರದ ಫಲಕ. ಅಪಘಾತ ಸೊನ್ನೆ, ದೋಷ ಸೊನ್ನೆ, ಮರೆತ ಬೀಗ ಸೊನ್ನೆ. ಸೋಮವಾರದ ಸಾವು ಇನ್ನೂ ಅಲ್ಲಿಗೆ ಏರಿರಲಿಲ್ಲ. ಮರೆತ ಬೀಗ ಎಂದರೇನೆಂದು ಕೇಳಿದಾಗ ಮ್ಯಾನೇಜರ್ ವಿವರಿಸಿದ. ಕೆಲಸ ಮುಗಿದರೂ ತೆಗೆಯದೆ ಬಿಟ್ಟುಹೋದ ಬೀಗ. ಒಂದು ಬೀಗ ಮರೆತರೆ ಒಂದು ಯಂತ್ರ ನಿಲ್ಲುತ್ತದೆ, ಅದು ತರಬೇತಿಯ ದೋಷ. ಮೂರು ವರ್ಷದಿಂದ ಒಂದೂ ಆಗಿಲ್ಲ, ಎಲ್ಲ ನಮ್ಮ ಬೀಗದ ಮೇಷ್ಟ್ರ ಪುಣ್ಯ ಎಂದ.

ಬೀಗದ ಮೇಷ್ಟ್ರೆಂದರೆ ಸುರಕ್ಷತೆ ಕಲಿಸುವ ಬೋಧಕ. ಐವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ತಲೆಗೆ ಶಿರಸ್ತ್ರಾಣ. ಮೇಸ್ತ್ರಿಗೂ ಅವನ ಬಾಮೈದನಿಗೂ ತಾನೇ ಕಲಿಸಿದ್ದೆಂದು ಹೇಳುವಾಗ ಅವರ ಕಣ್ಣು ಒದ್ದೆಯಾಯಿತು. ನಾಟಕವಲ್ಲ, ನಿಜವಾದ ನೀರು.

ಮಿಕ್ಸರ್ ಒಂದು ಉದ್ದನೆಯ ಉಕ್ಕಿನ ಪೆಟ್ಟಿಗೆ. ಮೇಲೊಂದು ಮುಚ್ಚಳ, ಒಳಗೆ ಅಡ್ಡಡ್ಡ ಅಲಗುಗಳು. ತಾನು ಒಳಗೆ ಇಳಿದು ನೋಡುವುದಾಗಿ ಇನ್ಸ್‌ಪೆಕ್ಟರ್ ಹೇಳಿದ. ಮೇಷ್ಟ್ರು ಆಫೀಸಿನಿಂದ ಒಂದು ಬೀಗ ತಂದು ಸ್ವಿಚ್ಚಿಗೆ ಹಾಕಿಸಿ, ಕೀಲಿಯನ್ನು ಅವನ ಜೇಬಿಗೇ ಹಾಕಿಸಿದರು. ಅಷ್ಟರ ಮಟ್ಟಿಗೆ ಕಟ್ಟುನಿಟ್ಟು.

ಒಳಗೆ ಮಂಡಿಯೂರಲು ಮಾತ್ರ ಜಾಗ. ಹಿಂದಕ್ಕೆ ತಿರುಗಲು ಬರುವುದಿಲ್ಲ, ಬಂದ ದಾರಿಯಲ್ಲೇ ಹಿಂಭಾಗ ಮೊದಲಾಗಿ ತೆವಳಬೇಕು. ತಪಾಸಣೆಗೆ ತೊಳೆದ ನೆಲದ ಮೇಲೆ ಪುಡಿ ಹಾರದಿರಲೆಂದು ಮೇಸ್ತ್ರಿ ಅವತ್ತು ಮುಚ್ಚಳ ಎಳೆದುಕೊಂಡಿದ್ದ. ಇನ್ಸ್‌ಪೆಕ್ಟರ್ ಅದನ್ನೂ ಮುಚ್ಚಿಸಿ, ಹೊರಗಿನಿಂದ ಕೂಗಲು ದಫೇದಾರನಿಗೆ ಹೇಳಿದ. ಪಕ್ಕದ ಯಂತ್ರಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಮೂಗಿಗೆ ಪುಡಿ ಹತ್ತಿ ಉಸಿರು ಕಟ್ಟಿತು. ಒಂದು ಅಲಗು ಪಕ್ಕೆಲುಬಿಗೆ ತಾಗಿಕೊಂಡೇ ಇತ್ತು. ಅವನು ಜೇಬು ಮುಟ್ಟಿ ನೋಡಿಕೊಂಡ. ಕೀಲಿ ಇತ್ತು. ಕೀಲಿ ತನ್ನ ಹತ್ತಿರವಿದೆ, ಇನ್ನೇನು ಭಯ ಎಂದುಕೊಂಡ. ಮೇಸ್ತ್ರಿಯೂ ಹೀಗೇ ಮುಟ್ಟಿ ನೋಡಿಕೊಂಡಿರಬೇಕು ಎಂದು ಹೊಳೆದಾಗ ಅವನಿಗೆ ಅಲ್ಲಿ ಒಂದು ಕ್ಷಣವೂ ಇರಲಾಗಲಿಲ್ಲ. ಮುಚ್ಚಳ ಗುದ್ದಿದ. ದಫೇದಾರ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದನಂತೆ. ಗುದ್ದಿದ್ದು ಕೇಳದಿದ್ದರೂ ಸುಸ್ತಾಗಿ ಅವನೇ ಮುಚ್ಚಳ ಎತ್ತಿದ.

ಮೇಸ್ತ್ರಿಯ ಬೀಗ ತರಬೇತಿ ಕೋಣೆಯಲ್ಲಿತ್ತು. ಗೋಡೆಯ ಹಲಗೆಯ ಮೇಲೆ ಸಾಲಾಗಿ ಮೊಳೆಗಳು, ಒಂದೊಂದಕ್ಕೂ ಒಬ್ಬೊಬ್ಬರ ಫೋಟೋ, ಅದರಡಿ ಅವರವರ ಬೀಗ. ಮೇಸ್ತ್ರಿಯ ಬೀಗ ಅವನ ಫೋಟೋದ ಕೆಳಗೆ ಮುಚ್ಚಿದಂತೆಯೇ ನೇತಾಡುತ್ತಿತ್ತು. ಬೀಗ ಬಳಸಲೇ ಇಲ್ಲ ಎನ್ನುವುದಕ್ಕೆ ಕಾರ್ಖಾನೆಯವರು ತೋರಿಸಿದ ಆಧಾರ ಅದೇ. ಸೋಮವಾರ ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತು ಅದನ್ನು ನೋಡಿ ತಲೆಯಾಡಿಸಿ ಹೋಗಿದ್ದ. ಅಂದಿನಿಂದ ಯಂತ್ರದೊಳಗೆ ಇಳಿಯುವ ಕೆಲಸ ನಿಂತಿತ್ತು, ಕೋಣೆಗೆ ಬೀಗ ಜಡಿದಿತ್ತು.

"ಇವನ್ನ ತೊಳೀತೀರಾ?"

"ಭಾನುವಾರ ಸಾಯಂಕಾಲ ಎಲ್ಲಾ ತೊಳ್ಸಿ, ಒರಸಿ, ಎಣ್ಣೆ ಹಾಕ್ಸಿದ್ದೆ. ತಪಾಸಣೆ ಇತ್ತಲ್ಲ." ಮೇಷ್ಟ್ರ ದನಿಯಲ್ಲಿ ಹೆಮ್ಮೆ ಇಣುಕಿತು.

ಇನ್ಸ್‌ಪೆಕ್ಟರ್ ಒಂದು ಲೋಟ ನೀರು ತರಿಸಿ, ಪಂಚರ ಎದುರಿಗೆ ಒಂದೊಂದೇ ಬೀಗಕ್ಕೆ ಒದ್ದೆ ಬೆರಳು ಉಜ್ಜುತ್ತ ಬಂದ. ಬೆರಳಿಗೆ ಎಣ್ಣೆ ಮಾತ್ರ ಹತ್ತಿತು. ಮೇಸ್ತ್ರಿಯ ಬೀಗಕ್ಕೆ ಉಜ್ಜಿದಾಗ ಬಿಳಿಯ ನೊರೆ ಎದ್ದಿತು.

ದಫೇದಾರ ಬಾಯಿ ತೆರೆದುಕೊಂಡು ನಿಂತ. ಸಾಬೂನು ಪುಡಿಯ ಹತ್ತಿರ ಹೋಗದ ಬೀಗಕ್ಕೆ ನೊರೆ ಎಲ್ಲಿಂದ ಬರಬೇಕು. ಸೋಮವಾರ ಈ ಬೀಗ ಮಿಕ್ಸರಿನ ಸ್ವಿಚ್ಚಿನ ಮೇಲಿತ್ತು. ಹಾಕಿದವನು ಒಳಗೆ ಸತ್ತ, ಬೀಗ ಮಾತ್ರ ಮೊಳೆಗೆ ಮರಳಿತ್ತು. ಇನ್ಸ್‌ಪೆಕ್ಟರ್ ಆಗ ಇನ್ನೊಂದನ್ನು ನೋಡುತ್ತಿದ್ದ. ಹಲಗೆಯ ಮೇಲಿನ ಬೀಗಗಳೆಲ್ಲ ಕೀಲಿಕಿಂಡಿಯನ್ನು ಕೋಣೆಯ ಕಡೆ ತಿರುಗಿಸಿ ನೇತಾಡುತ್ತಿದ್ದವು. ಮೇಸ್ತ್ರಿಯ ಬೀಗ ಒಂದೇ ಗೋಡೆಗೆ ಮುಖ ಮಾಡಿತ್ತು.

"ಇದೊಂದು ಯಾಕೆ ಉಲ್ಟಾ ಇದೆ?"

"ಉಲ್ಟಾ ಅಲ್ಲ ಸರ್, ಅದೇ ಸರಿ." ಮೇಷ್ಟ್ರ ಬಾಯಿಂದ ಮಾತು ತಾನಾಗಿ ಜಾರಿತು. "ಕಿಂಡಿ ಗೋಡೆ ಕಡೆಗಿದ್ರೆ ಧೂಳು ಹೋಗಲ್ಲ. ನಾನು ಬಡ್ಕೊಂಡೇ ಬಂದಿದೀನಿ. ಒಬ್ರೂ ಕೇಳಲ್ಲ."

"ಮೇಸ್ತ್ರಿ ಕೇಳ್ತಿದ್ರಾ?"

"ಅವರೂ ಇಲ್ಲ."

ಅಂದ ಮೇಲೆ ತಾನು ಏನು ಹೇಳಿದೆನೆಂಬುದು ಅವರಿಗೆ ತಿಳಿಯಿತು. ಇಡೀ ಕಾರ್ಖಾನೆಯಲ್ಲಿ ಬೀಗವನ್ನು ಸರಿಯಾಗಿ ನೇತುಹಾಕುವ ಮನುಷ್ಯ ಒಬ್ಬನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ಈ ಮನುಷ್ಯ ಸಣ್ಣ ಶಾಸ್ತ್ರಗಳನ್ನೆಲ್ಲ ಅಕ್ಷರಶಃ ಪಾಲಿಸಿ, ದೊಡ್ಡದೊಂದನ್ನು ನುಂಗಿಬಿಟ್ಟಿದ್ದ.

ಬೀಗ ವಶಪಡಿಸಿಕೊಳ್ಳಲು ಹೋಗಿ ದಫೇದಾರ ಮೊಳೆಗೆ ಬೆರಳು ಗೀರಿಕೊಂಡ. ರಕ್ತ ಬಂತು. ಗೋಡೆಯಲ್ಲಿದ್ದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಅವನು ಕೈ ಹಾಕುವಷ್ಟರಲ್ಲಿ ಮೇಷ್ಟ್ರು ಅಡ್ಡ ಬಂದು, ಅದು ಖಾಲಿ, ಪಟ್ಟಿ ಆಫೀಸಿನಿಂದ ತರುತ್ತೇನೆ ಎಂದರು. ಸುರಕ್ಷತೆಯ ಪಾಠಶಾಲೆಯಲ್ಲಿ ಖಾಲಿ ಪೆಟ್ಟಿಗೆ! ಇನ್ಸ್‌ಪೆಕ್ಟರ್ ಪಂಚರನ್ನು ಹತ್ತಿರ ಕರೆದು ತಾನೇ ತೆರೆದ. ಹತ್ತಿ, ಮುಲಾಮು, ಪಟ್ಟಿ ಎಲ್ಲವೂ ಇದ್ದವು. ಹತ್ತಿಯ ಅಡಿಯಲ್ಲಿ ತಂತಿಗೆ ಪೋಣಿಸಿದ ಕೀಲಿಗಳ ಗೊಂಚಲು. ಅಪಘಾತ ಸೊನ್ನೆಯಾದ ಕಡೆ ಆ ಪೆಟ್ಟಿಗೆಯನ್ನು ಯಾರು ತೆರೆಯುತ್ತಾರೆ. ಹೊಸಬರ ಎದುರು ಮೇಷ್ಟ್ರು ಕತ್ತರಿಸುತ್ತಿದ್ದುದು ಯಾವುದೋ ಗುಜರಿ ಕೀಲಿ. ಒಂಬತ್ತನೆಯ ಕೀಲಿ ಮೇಸ್ತ್ರಿಯ ಬೀಗಕ್ಕೆ ಹೊಂದಿತು.

ಮೇಷ್ಟ್ರು ಮೊದಲ ಬೆಂಚಿನ ಮೇಲೆ, ಕಲಿಯುವವರು ಕೂರುವ ಜಾಗದಲ್ಲಿ ಕುಸಿದರು.

"ಅವರು ನಾಕು ಸಲ ಬೀಗ ಮರೆತು ಚಹಾಕ್ಕೆ ಹೋಗಿದ್ರು ಸರ್. ಅವತ್ತೂ ಮರ್ತಿದಾರೆ ಅಂದ್ಕೊಂಡೆ. ತೆಗೆದು ತಂದು ಮೊಳೆಗೆ ಹಾಕ್ದೆ. ದಿನಾ ಮಾಡೋ ಹಾಗೇ."

"ಮುಚ್ಚಳ ಎತ್ತಿ ನೋಡಿದ್ರಾ?"

"ಇಲ್ಲ."

"ಯಾಕೆ?"

"ನೋಡಿದ ದಿನ ಒಂದು ದಿನಾನೂ ಒಳಗೆ ಯಾರೂ ಇರ್ಲಿಲ್ಲ," ಎಂದರು.

ಸಂಜೆ ಐದೂಮುಕ್ಕಾಲಿಗೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದದ್ದು ಮತ್ತು ಸುಳ್ಳು ವರದಿಗೆ ಸಹಿ ಹಾಕಿ ಸತ್ಯ ಮರೆಮಾಚಿದ್ದು ಎಂಬ ಆರೋಪಗಳ ಮೇಲೆ ಅವರನ್ನು ಬಂಧಿಸಲಾಯಿತು. ಜೀಪು ಹತ್ತುವ ಮುನ್ನ ಅವರು ಶಿರಸ್ತ್ರಾಣ ತೆಗೆದು ಮೇಜಿನ ಮೇಲೆ ನೇರವಾಗಿ ಇಟ್ಟರು.

ಹೇಳಿಕೆಯಲ್ಲಿ ಬಂದದ್ದು ಇಷ್ಟು. ಮೂರು ವರ್ಷದ ಹಿಂದೆ ಅವರು ಮರೆತ ಬೀಗಗಳ ನಿಜವಾದ ಲೆಕ್ಕ ಒಪ್ಪಿಸಿದ್ದರು. ಗುಣಮಟ್ಟದ ಸಭೆಯಲ್ಲಿ ಅವರನ್ನು ನಿಲ್ಲಿಸಿ, ದೋಷದ ಮೂಲ ಹುಡುಕುವ ಪದ್ಧತಿಯ ಪ್ರಕಾರ ಐದು ಸಲ ಯಾಕೆ ಎಂದು ಕೇಳಲಾಯಿತು. ಒಂದೊಂದು ಉತ್ತರದ ಹಿಂದೆಯೂ ಇನ್ನೊಂದು ಯಾಕೆ. ಚಹಾದ ಬಿಡುವು ಹತ್ತೇ ನಿಮಿಷ, ಓಡಿ ಹೋಗಿ ಓಡಿ ಬರಬೇಕು, ಅದಕ್ಕೇ ಬೀಗ ಮರೆಯುತ್ತಾರೆ ಎಂದು ಅವರು ನಾಲ್ಕನೆಯ ಯಾಕೆಗೆ ಹೇಳಿದ್ದರು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಐದನೆಯದಕ್ಕೆ ತರಬೇತಿ ಸರಿಯಿಲ್ಲ ಎಂದು ಬರೆದರು. ತಾವು ಕಲಿಸಿದವರ ಎದುರಿಗೇ ಅವರು ತಲೆ ತಗ್ಗಿಸಿ ನಿಂತಿದ್ದರು. ಮುಂದಿನ ತಿಂಗಳಿನಿಂದ ಮರೆತ ಬೀಗಗಳನ್ನು ಅವರೇ ಗುಟ್ಟಾಗಿ ತೆಗೆದು ಮೊಳೆಗೆ ಹಾಕತೊಡಗಿದರು; ಲೆಕ್ಕ ಸೊನ್ನೆಯಾಯಿತು, ಚಪ್ಪಾಳೆ ಬಿತ್ತು, ಅವರ ಫೋಟೋ ಗೋಡೆ ಹತ್ತಿತು. ಆಮೇಲೆ ಇಳಿಯಲು ಆಗಲಿಲ್ಲ. ಒಂದೇ ಒಂದು ಬೀಗ ಲೆಕ್ಕಕ್ಕೆ ಬಂದರೂ ಹಿಂದಿನ ಸೊನ್ನೆಗಳೆಲ್ಲ ಬಾಯಿ ಬಿಡುತ್ತಿದ್ದವು. ಹುಲಿಯ ಮೇಲೆ ಕೂತವನ ಪಾಡು.

ಬಿಡುವು ಹತ್ತೇ ನಿಮಿಷ ಎನ್ನುವ ಮಾತನ್ನು ಇನ್ಸ್‌ಪೆಕ್ಟರ್ ಹೇಳಿಕೆಯಲ್ಲಿ ಪೂರ್ತಿಯಾಗಿ ಬರೆಸಿದ. ಮ್ಯಾನೇಜರನಿಗೂ ನೋಟಿಸು ಹೋಯಿತು. ಮೇಲಿನವರಿಗೆ ಕಳಿಸುವ ಪಟ್ಟಿಯಲ್ಲಿ, ಬಾಕಿ ಪ್ರಕರಣ ಎಂಬಲ್ಲಿ ಒಂದು ಎಂದು ತುಂಬಿಸಿದ.

ಹೊಲಿಗೆಯವಳು ಅಷ್ಟು ಹೊತ್ತಿಗೆ ಮತ್ತೆ ಠಾಣೆಗೆ ಬಂದಿದ್ದಳು. ಇನ್ಸ್‌ಪೆಕ್ಟರ್ ಆಕೆಗೆ ಎಲ್ಲ ಹೇಳಿದ. ನಿಮ್ಮ ಗಂಡ ಬೀಗ ಹಾಕಿದ್ದರು, ನಿಮ್ಮ ತಮ್ಮ ನೋಡಿದಾಗ ಬೀಗ ಇರಲಿಲ್ಲ, ಇಬ್ಬರದೂ ನಿಜ ಎಂದ. ಆಕೆ ಸೆರಗಿನಿಂದ ಮುಖ ಒರಸಿಕೊಂಡು, ತಮ್ಮ ಕೂತಿದ್ದ ಠಾಣೆಯ ಬೆಂಚಿನ ಹತ್ತಿರ ಹೋದಳು. ತಮ್ಮ ಎದ್ದು ನಿಂತ. ಅಕ್ಕ ಭಾವನ ಬಟ್ಟೆಯ ಚೀಲವನ್ನು ಮುಂದೆ ಹಿಡಿದಳು. ಅವನು ಎಡಗೈ ಚಾಚಿದ.

"ಆ ಕೈ ಅಲ್ಲ," ಎಂದಳು.

ಅವನು ಅಲ್ಲಾಡಲಿಲ್ಲ. ಆಕೆ ಚೀಲ ಹಿಡಿದುಕೊಂಡೇ ನಿಂತಳು. ದಫೇದಾರ ಪಟ್ಟಿ ಸುತ್ತಿದ ಬೆರಳನ್ನು ನೋಡುತ್ತ ಮುಖ ತಿರುಗಿಸಿಕೊಂಡ. ಕೊನೆಗೆ ಅವನು, ಗುಂಡಿ ಒತ್ತಿದ್ದ ಬಲಗೈಯನ್ನು ಕಂಕುಳಿನಿಂದ ಹೊರಗೆ ತೆಗೆದ. ಆಕೆ ಚೀಲದ ಹಿಡಿಕೆಯನ್ನು ಅದರೊಳಗಿಟ್ಟು, ಬೆರಳುಗಳನ್ನು ಒಂದೊಂದಾಗಿ ತಾನೇ ಮಡಿಸಿ, ಮನೆಗೆ ನಡಿ ಎಂದಳು.